ನಾನು ‘ಸೆಟ್’ ಕಟ್ಟುವುದಿಲ್ಲ

ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸ್‌ಗಳನ್ನು ದಿನವಿಡೀ ಲಾರಿಗೆ ಏರಿಸುವ ಹಮಾಲರು ನನ್ನ ಔಷಧಿ ಅಂಗಡಿಗೆ ಬಂದಾಗ ಮಾತ್ರೆಯ ಹೆಸರು ಹೇಳುವುದಿಲ್ಲ. “ಮೈಕೈ ನೋವಿಗೆ ಒಂದು ಸೆಟ್ ಕೊಡಿ ಅಣ್ಣ” ಎನ್ನುತ್ತಾರೆ. ಸೆಟ್ ಎಂದರೆ ಪೊಟ್ಟಣದಲ್ಲಿ ಸುತ್ತಿದ ಮೂರ್ನಾಲ್ಕು ಬಿಡಿ ಮಾತ್ರೆಗಳು. ಅದರಲ್ಲಿ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ಇರಬಹುದು, ಸ್ಟೀರಾಯ್ಡ್ ಕೂಡ ಇರಬಹುದು. ನುಂಗಿದವರಿಗೆ ರಾತ್ರಿ ತೊಂದರೆಯಾದರೆ ವೈದ್ಯರಿಗೆ ಏನೆಂದು ಹೇಳಬೇಕು? ಸೆಟ್ ಕೇಳಿದವರಿಗೆ ನಾನು ಮೊದಲು ಪ್ರಶ್ನೆ ಕೇಳುತ್ತೇನೆ.

ಬಿಪಿ, ಶುಗರ್‌ಗೆ ಮಾತ್ರೆ ನಡೆಯುತ್ತಿದೆಯೇ? ಹೊಟ್ಟೆಯಲ್ಲಿ ಹುಣ್ಣಾಗಿತ್ತೇ? ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ? ಹೆಣ್ಣುಮಕ್ಕಳಾದರೆ ಬಸಿರಿನ ವಿಷಯ ಕೇಳಲೇಬೇಕು. ಇವುಗಳಲ್ಲಿ ಯಾವುದಕ್ಕಾದರೂ ಹೌದು ಎಂದರೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಗುಂಪನ್ನು ಪಕ್ಕಕ್ಕಿಟ್ಟು ವೈದ್ಯರ ಬಳಿ ಕಳುಹಿಸುತ್ತೇನೆ.

ನನಗೆ ಅತಿ ಹೆಚ್ಚು ಭಯ ಮೂತ್ರಪಿಂಡದ್ದು. ಬೇಸಿಗೆಯಲ್ಲಿ ಬೆವರು ಸುರಿಸಿ, ನೀರು ಕುಡಿಯದೆ ದುಡಿದ ದೇಹದಲ್ಲಿ ಮೂತ್ರಪಿಂಡಕ್ಕೆ ರಕ್ತ ಕಡಿಮೆ ಹರಿಯುತ್ತದೆ. ಆಗ ಅದರ ರಕ್ತನಾಳಗಳನ್ನು ತೆರೆದಿಡುವುದು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ. ಈ ಗುಂಪಿನ ಮಾತ್ರೆಗಳು ನೋವು ತಗ್ಗಿಸುವುದು ಅದೇ ರಾಸಾಯನಿಕವನ್ನು ತಡೆದು. ಕೆಲವು ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ಜೊತೆಗೂಡಿದರೆ ಅಪಾಯ ಇನ್ನೂ ದೊಡ್ಡದು. ಹೊಟ್ಟೆಯ ಒಳಪದರಕ್ಕೂ ಅದೇ ರಾಸಾಯನಿಕ ಕಾವಲು. ಖಾಲಿ ಹೊಟ್ಟೆಯಲ್ಲಿ ಬೇಡ ಎನ್ನುತ್ತೇನೆ, ಆದರೆ ಊಟ ಮಾಡಿ ನುಂಗಿದರೂ ಹುಣ್ಣಿನ ಅಪಾಯ ಪೂರ್ತಿ ತಪ್ಪುವುದಿಲ್ಲ. ಮಲ ಡಾಂಬರಿನಂತೆ ಕಪ್ಪಾದರೆ ಆಸ್ಪತ್ರೆಗೆ ಓಡಬೇಕು.

ಸಾಮಾನ್ಯ ಮೈಕೈ ನೋವಿಗೆ ನನ್ನ ಮೊದಲ ಆಯ್ಕೆ ಪ್ಯಾರಾಸಿಟಮಾಲ್. ಆರೋಗ್ಯವಂತ ವಯಸ್ಕರಿಗೆ ದಿನದ ಮಿತಿ 4 ಗ್ರಾಂ. ಮದ್ಯ ಕುಡಿಯುವವರಿಗೆ, ಯಕೃತ್ತಿನ ಕಾಯಿಲೆ ಇರುವವರಿಗೆ, ತೂಕ ಕಡಿಮೆ ಇರುವವರಿಗೆ ಇದಕ್ಕಿಂತ ಬಹಳ ಕಡಿಮೆ, ಅದನ್ನು ವೈದ್ಯರು ಹೇಳಬೇಕು. ಲೆಕ್ಕ ತಪ್ಪುವುದು ಹೆಸರುಗಳಿಂದ. ಡೋಲೊ 650, ಕ್ರೋಸಿನ್, ನೆಗಡಿಯ ಬಹಳಷ್ಟು ಮಾತ್ರೆಗಳು, ಎಲ್ಲದರಲ್ಲೂ ಪ್ಯಾರಾಸಿಟಮಾಲ್ ಇದೆ. ಮೂರನ್ನೂ ಒಟ್ಟಿಗೆ ನುಂಗುವವರು ಮೂರು ಬೇರೆ ಔಷಧಿ ಎಂದೇ ನಂಬಿರುತ್ತಾರೆ. ಹಳೆಯ ಮಾತ್ರೆ ಪಟ್ಟಿ (ಸ್ಟ್ರಿಪ್) ತರಿಸಿ, ಹಿಂಬದಿಯ ಸಣ್ಣ ಅಕ್ಷರ ಓದಿ ತೋರಿಸುತ್ತೇನೆ.

ಜ್ವರದೊಂದಿಗೆ ಮೈಕೈ ನೋವು ಬಂದರೆ ಡೆಂಗಿ ಅಲ್ಲವೆಂದು ಗೊತ್ತಾಗುವವರೆಗೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್‌ನಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

“ಪಕ್ಕದ ಅಂಗಡಿಯಲ್ಲಿ ಕೊಡುತ್ತಾರೆ” ಎಂದು ಎದ್ದು ಹೋಗುವವರೂ ಇದ್ದಾರೆ, ಹೋಗಲಿ. ಉಳಿದವರಿಗೆ ಪಟ್ಟಿಯನ್ನು ಕತ್ತರಿಸಿ ಕೊಡುವಾಗ ಹೆಸರು ಮತ್ತು ಅವಧಿ ಮುಗಿಯುವ ದಿನಾಂಕವನ್ನು ಚೀಟಿಯಲ್ಲಿ ಬರೆದು ಜೊತೆಗಿಡುತ್ತೇನೆ. ಕೆಲವೇ ದಿನದಲ್ಲಿ ನೋವು ಇಳಿಯದಿದ್ದರೆ ಅದೇ ಚೀಟಿ ಹಿಡಿದು ವೈದ್ಯರ ಬಳಿ ಹೋಗಲು ಹೇಳುತ್ತೇನೆ.