ಅಂಗಳದಲ್ಲಿ ಆವರಿಕೆ ಬೆಳೆಸೋರು ಗಮನಿಸಿ

ಬಯಲುಸೀಮೆಯ ದಾರಿಬದಿಯಲ್ಲಿ, ಕಲ್ಲುಗುಡ್ಡದ ಬುಡದಲ್ಲಿ ಹಳದಿ ಹೂ ತುಂಬಿಕೊಂಡು ನಿಲ್ಲುವ ಆವರಿಕೆ, ಕೆಲವರ ಬಾಯಲ್ಲಿ ತಂಗಡಿ, ಮನೆ ಮುಂದೆಯೂ ಸೊಗಸಾಗಿ ಬರುತ್ತದೆ. ಗಿಡ ಸಾಯುವುದು ಹೆಚ್ಚಾಗಿ ನೀರು ಸಾಲದೆ ಅಲ್ಲ, ಜಾಸ್ತಿಯಾಗಿ.

ಬೀಜ ಆರಿಸುವಾಗ ಗಿಡ ಸರಿಯಾಗಿ ನೋಡಿ. ಎಲೆದಂಟು ಕಾಂಡಕ್ಕೆ ಕೂಡುವ ಕಡೆ ಕಿವಿಯಂಥ ಅಗಲದ ಪುಟ್ಟ ಎಲೆ ಅಂಟಿಕೊಂಡಿದ್ದರೆ ಅದೇ ಆವರಿಕೆ. ಇದೇ ಕುಲದ ಸೆನ್ನಾ ಸ್ಪೆಕ್ಟಾಬಿಲಿಸ್ ಅನ್ನೋ ಹೊರಗಿನ ಮರಕ್ಕೂ ಹಳದಿ ಹೂವೇ. ಬಂಡೀಪುರ, ನಾಗರಹೊಳೆ ಕಾಡುಗಳಿಗೆ ತಲೆನೋವಾಗಿರುವ ಅದನ್ನು ಮಾತ್ರ ತರಬೇಡಿ.

ಕಾಯಿ ಕಂದಾಗಿ ಒಣಗಿದ ಮೇಲೆ ಬೀಜ ಬಿಡಿಸಿ. ಸಿಪ್ಪೆ ಬಲು ಗಟ್ಟಿ, ಹಾಗೇ ಊರಿದರೆ ತಿಂಗಳುಗಟ್ಟಲೆ ಮಲಗಿರುತ್ತದೆ. ನೀರು ಕುದಿಸಿ, ಒಲೆಯಿಂದಿಳಿಸಿ ಐದು ನಿಮಿಷ ಬಿಟ್ಟು, ಬೀಜ ಹಾಕಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಉಬ್ಬಿದವನ್ನು ಬಿತ್ತಿ. ಉಬ್ಬದವನ್ನು ಮರಳು ಕಾಗದದ ಮೇಲೆ ಒಂದು ಬದಿ ಉಜ್ಜಿ ಮತ್ತೆ ನೆನೆಸಿ. ಉದ್ದನೆಯ ಪಾಲಿಥೀನ್ ಚೀಲವೇ ಬೇಕು. ತಾಯಿಬೇರು ಬೇಗ ಕೆಳಗಿಳಿಯುತ್ತದೆ, ಮಡಿಯಿಂದ ಕಿತ್ತರೆ ಅದು ತುಂಡಾಗಿ ಸಸಿ ಒಣಗುತ್ತದೆ. ಯುಗಾದಿ ಹೊತ್ತಿಗೆ ಬಿತ್ತಿದರೆ ಮುಂಗಾರಿಗೆ ನಾಟಿಗೆ ಬರುತ್ತದೆ.

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗದಲ್ಲಿ ಒಂದೂವರೆ ಅಡಿ ಗುಂಡಿ ತೆಗೆಯಿರಿ, ಗಿಡದಿಂದ ಗಿಡಕ್ಕೆ ಐದಡಿ ಬಿಡಿ. ತೆಗೆದ ಮಣ್ಣಿಗೆ ಒಂದು ಬಾಂಡ್ಲಿ ಹಳೇ ಕೊಟ್ಟಿಗೆ ಗೊಬ್ಬರ ಸಾಕು. ಹೆಚ್ಚಾದರೆ ಸೊಪ್ಪೇ ಸೊಪ್ಪು, ಹೂವಿಲ್ಲ. ಎರೆಮಣ್ಣಾದರೆ ಒಂದಡಿ ದಿಬ್ಬ ಮಾಡಿ ಅದರ ಮೇಲೆ ನೆಡಿ. ಚೀಲ ಸೀಳಿ ತೆಗೆಯಿರಿ, ಹೆಂಟೆ ಒಡೆಯಬಾರದು.

ಮಳೆ ಇಲ್ಲದಿದ್ದರೆ ಮೊದಲ ತಿಂಗಳು ವಾರಕ್ಕೆರಡು ಸಲ, ಆಮೇಲೆ ಮೊದಲ ಬೇಸಿಗೆ ಕಳೆಯುವವರೆಗೆ ವಾರಕ್ಕೊಂದು ಬಿಂದಿಗೆ ನೀರು. ನಂತರ ಕೈಬಿಡಿ. ಮಣ್ಣು ತೇವವಿದ್ದೂ ಎಲೆ ಹಳದಿಯಾಗಿ ಉದುರಿದರೆ ಬೇರು ಕೊಳೆಯುತ್ತಿದೆ ಅಂತಲೇ ಲೆಕ್ಕ. ಹುಲ್ಲುಹಾಸಿನ ಪಕ್ಕ ನೆಟ್ಟವರಿಗೆ ಇದು ತಪ್ಪಿದ್ದಲ್ಲ.

ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಮುಂಗಾರಿಗೆ ಮುಂಚೆ ಮೂರರಲ್ಲೊಂದು ಪಾಲು ಸವರಿ. ಸವರದಿದ್ದರೆ ಬುಡ ಬೋಳಾಗಿ ಕಡ್ಡಿಯೇ ಕಾಣುತ್ತದೆ. ಎಲೆ ತಿನ್ನುವ ಹಸಿರು ಹುಳ ಚಿಟ್ಟೆಯ ಮರಿ, ಔಷಧಿ ಹೊಡೆಯಬೇಡಿ. ತಿಂದಷ್ಟೂ ಮತ್ತೆ ಚಿಗುರುತ್ತದೆ.