ಚೀಟಿ ಎತ್ತಿದ ಜಾಗಕ್ಕೆ ಹೋಗಿ ಬರುವುದು ಹೇಗೆ?

ರಜೆ ಬಂದರೆ ಎಲ್ಲಿಗೆ ಹೋಗೋಣ ಎಂಬ ಮಾತಿನಲ್ಲೇ ಅರ್ಧ ದಿನ ಕಳೆದುಹೋಗುತ್ತದೆ, ಅಲ್ವಾ? ಕೊನೆಗೆ ಹೋಗುವುದು ಎಲ್ಲರೂ ಹೋಗುವ ಜಾಗಕ್ಕೇ. ಇದಕ್ಕೆ ಇನ್ನೊಂದು ದಾರಿ ಇದೆ. ಜಾಗವನ್ನು ನಾವು ಆರಿಸುವುದೇ ಬೇಡ, ಅಂಕಿಗಳು ಆರಿಸಲಿ. ಅಕ್ಷಾಂಶಕ್ಕೊಂದು, ರೇಖಾಂಶಕ್ಕೊಂದು ಸಂಖ್ಯೆ ಎತ್ತುವುದು. ಆ ಎರಡು ಗೆರೆಗಳು ಕೂಡುವ ಬಿಂದುವಿಗೆ ಹೋಗಿ ನಿಲ್ಲುವುದು. ಇಷ್ಟೇ ಆಟ.

ಬಿಂದುವಿನಲ್ಲಿ ವಿಶೇಷವೇನೂ ಇರಲಿಕ್ಕಿಲ್ಲ. ಹೊಲದ ಬದು, ಕುರುಚಲು ಪೊದೆ, ಯಾವುದೋ ಗೋಡೆಯ ಹಿಂಭಾಗ ಇರಬಹುದು. ಆದರೂ ನಾನು ಮತ್ತೆ ಮತ್ತೆ ಹೋಗುತ್ತೇನೆ. ನೋಡು ಎಂದು ಯಾರೂ ಹೇಳದ ನೆಲವನ್ನು ಕಣ್ಣು ಬಿಟ್ಟು ನೋಡಲು ಕಲಿತದ್ದು ನಾನು ಈ ತಿರುಗಾಟದಲ್ಲೇ. ಅದಕ್ಕೆ ಒಂದೇ ಷರತ್ತು: ಬಿಂದುವನ್ನು ಪ್ರಾಮಾಣಿಕವಾಗಿ ಎತ್ತಬೇಕು. ಬಂದದ್ದು ಇಷ್ಟವಾಗಲಿಲ್ಲ ಎಂದು ಬದಲಾಯಿಸಬಾರದು.

ಮೊದಲು ಗಡಿ ಹಾಕಿಕೊಳ್ಳಿ

ಇಡೀ ಭೂಮಿಯ ಮೇಲೆ ಬಿಂದು ಎತ್ತಿದರೆ ಅದು ನೀರಿನಲ್ಲಿ ಬೀಳುವ ಸಾಧ್ಯತೆಯೇ ಜಾಸ್ತಿ. ಭೂಮಿಯ ಮೇಲ್ಮೈಯ ಸುಮಾರು 71 ಶೇಕಡಾ ಸಮುದ್ರ. ಹಾಗಾಗಿ ಒಂದು ದಿನದಲ್ಲಿ ಹೋಗಿ ಬರುವಷ್ಟು ದೊಡ್ಡ ಚೌಕವನ್ನು ನಕ್ಷೆಯ ಮೇಲೆ ಗುರುತು ಮಾಡಿ. ಅದರ ದಕ್ಷಿಣ, ಉತ್ತರ, ಪಶ್ಚಿಮ, ಪೂರ್ವ ಅಂಚುಗಳ ಅಂಕಿ ಬರೆದುಕೊಳ್ಳಿ.

ಅಳತೆಯ ಅಂದಾಜು ಹೀಗೆ. ಉತ್ತರ-ದಕ್ಷಿಣವಾಗಿ 1 ಡಿಗ್ರಿ ಎಂದರೆ ಎಲ್ಲಿ ಹೋದರೂ ಸುಮಾರು 111 ಕಿಲೋಮೀಟರ್. ಪೂರ್ವ-ಪಶ್ಚಿಮದ ಡಿಗ್ರಿ ಹಾಗಲ್ಲ. ಸಮಭಾಜಕದ ಮೇಲೆ ಅದೂ 111 ಕಿಲೋಮೀಟರ್. ಧ್ರುವದ ಕಡೆ ಹೋದಂತೆ ಕಿರಿದಾಗುತ್ತಾ ಹೋಗಿ, 60ನೇ ಅಕ್ಷಾಂಶದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮೊದಲ ಸಲಕ್ಕೆ 0.2 ಡಿಗ್ರಿ ಅಗಲದ ಚೌಕ ಸಾಕು. ಉದ್ದದಲ್ಲಿ ಅದು 22 ಕಿಲೋಮೀಟರ್ ಆಗುತ್ತದೆ.

ಸಂಖ್ಯೆ ಎತ್ತುವುದು

ನಕ್ಷೆಯ ಮೇಲೆ ಕಣ್ಣು ಮುಚ್ಚಿ ಬೆರಳಿಟ್ಟರೆ ಆಗದೇ? ಆಗುವುದಿಲ್ಲ. ನಮ್ಮ ಕೈ ನಡುಭಾಗದ ಕಡೆಗೇ ಹೋಗುತ್ತದೆ. ಸುಮ್ನೆ ಒಂದು ಸಂಖ್ಯೆ ಹೇಳಿ ಎಂದರೂ ಮನಸ್ಸು ತನಗೆ ಒಗ್ಗಿದ್ದನ್ನೇ ಹೇಳುತ್ತದೆ. ಅದಕ್ಕೇ ಚೀಟಿ ಬೇಕು.

0ಯಿಂದ 9ರವರೆಗೆ ಹತ್ತು ಚೀಟಿ ಮಾಡಿ. ಒಂದೊಂದಾಗಿ ನಾಲ್ಕು ಸಲ ಎತ್ತಿ. ಪ್ರತಿ ಸಲ ಎತ್ತಿದ ಚೀಟಿಯನ್ನು ವಾಪಸ್ ಹಾಕಿ ಚೆನ್ನಾಗಿ ಕಲಸಿ. ವಾಪಸ್ ಹಾಕದಿದ್ದರೆ ಒಂದೇ ಅಂಕಿ ಎರಡು ಸಲ ಬರುವ ಅವಕಾಶವೇ ತಪ್ಪಿಹೋಗುತ್ತದೆ. 7, 3, 5, 0 ಬಂತು ಎನ್ನಿ. ಅದನ್ನು 0.7350 ಎಂದು ಓದಿ. ನಿಮ್ಮ ಚೌಕ 40.20ರಿಂದ 40.40ರವರೆಗೆ ಇದ್ದರೆ, ಅಂತರವಾದ 0.20ನ್ನು 0.7350ರಿಂದ ಗುಣಿಸಿ. 0.1470 ಬರುತ್ತದೆ. ಅದನ್ನು 40.20ಕ್ಕೆ ಕೂಡಿಸಿದರೆ 40.3470. ಇದು ನಿಮ್ಮ ಅಕ್ಷಾಂಶ. ರೇಖಾಂಶಕ್ಕೂ ಹೀಗೇ ಮಾಡಿ.

ಕಂಪ್ಯೂಟರ್‌ನಲ್ಲಿ ಎಕ್ಸೆಲ್ ಇದ್ದರೆ ರ‍್ಯಾಂಡ್ ಸೂತ್ರ ಹಾಕಿದರೂ ಸಾಕು, 0 ಮತ್ತು 1ರ ನಡುವಿನ ಸಂಖ್ಯೆ ಕೊಡುತ್ತದೆ. ಆದರೆ ಹಾಳೆಯಲ್ಲಿ ಏನೇ ಬದಲಾಯಿಸಿದರೂ ಆ ಸಂಖ್ಯೆಯೂ ಬದಲಾಗುತ್ತದೆ. ಬಂದ ಕೂಡಲೇ ಕಾಗದಕ್ಕೆ ಇಳಿಸಿಕೊಳ್ಳಿ.

ಕೆಲವರಿಗೆ ಚೌಕಕ್ಕಿಂತ ಮನೆಯನ್ನು ನಡುವೆ ಇಟ್ಟ ವೃತ್ತ ಇಷ್ಟ. ಒಳ್ಳೆಯದೇ. ಆದರೆ ಅಲ್ಲೊಂದು ಗುಟ್ಟಿದೆ. ದಿಕ್ಕಿಗೆ 0ಯಿಂದ 360ರೊಳಗೆ ಒಂದು ಸಂಖ್ಯೆ, ದೂರಕ್ಕೆ ಇನ್ನೊಂದು ಸಂಖ್ಯೆ ಎತ್ತಿದರೆ ಬಿಂದುಗಳೆಲ್ಲ ಮನೆಯ ಹತ್ತಿರವೇ ಗುಂಪುಗೂಡುತ್ತವೆ. ಯಾಕೆಂದರೆ ಅರ್ಧ ದೂರದ ಒಳವೃತ್ತದಲ್ಲಿ ಇಡೀ ವೃತ್ತದ ಕಾಲುಭಾಗ ನೆಲ ಮಾತ್ರ ಇರುತ್ತದೆ. ಆದರೆ ಅರ್ಧದಷ್ಟು ಬಿಂದುಗಳು ಅಲ್ಲಿಗೇ ಬಂದು ಬೀಳುತ್ತವೆ. ಪರಿಹಾರ ಸುಲಭ: ದೂರಕ್ಕೆ ಎತ್ತಿದ ಸಂಖ್ಯೆಯ ವರ್ಗಮೂಲ ತೆಗೆದು ಬಳಸಿ. 15 ಕಿಲೋಮೀಟರ್ ವೃತ್ತದಲ್ಲಿ 0.36 ಬಂದರೆ ವರ್ಗಮೂಲ 0.6, ದೂರ 9 ಕಿಲೋಮೀಟರ್. ಇದು ಗೊತ್ತಾಗುವ ಮೊದಲು ನಾನು ಎಷ್ಟೋ ವಾರ ಮನೆಯ ಸುತ್ತಮುತ್ತಲೇ ಸುತ್ತಿದ್ದೇನೆ.

ಎಲ್ಲರಿಗೂ ಒಂದೇ ಬಿಂದು ಬೇಕಿದ್ದರೆ

2008ರ ಮೇ ತಿಂಗಳಲ್ಲಿ ಎಕ್ಸ್‌ಕೆಸಿಡಿ ಎಂಬ ಅಂತರ್ಜಾಲ ಕಾಮಿಕ್‌ನಲ್ಲಿ ರ‍್ಯಾಂಡಲ್ ಮನ್ರೋ ಒಂದು ಉಪಾಯ ಬರೆದರು. ಅದರ ಹೆಸರು ಜಿಯೋಹ್ಯಾಶಿಂಗ್. ಅದರ ಚಂದ ಇರುವುದು ಒಂದು ವಿಷಯದಲ್ಲಿ: ಬಿಂದುವನ್ನು ಯಾರೂ ಆರಿಸುವುದಿಲ್ಲ, ಆದರೂ ಎಲ್ಲರಿಗೂ ಅದೇ ಸಿಗುತ್ತದೆ.

ಕೆಲಸ ನಡೆಯುವುದು ಹೀಗೆ. ಆ ದಿನದ ತಾರೀಖನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯುತ್ತಾರೆ. ಅದರ ಪಕ್ಕದಲ್ಲಿ ಅಮೆರಿಕದ ಷೇರುಪೇಟೆಯ ಡೌ ಜೋನ್ಸ್ ಸೂಚ್ಯಂಕ ಅಂದು ಬೆಳಗ್ಗೆ ತೆರೆದಾಗಿನ ಅಂಕಿ. ಎರಡನ್ನೂ ಸೇರಿಸಿ ಎಂಡಿ5 ಎಂಬ ಗಣಿತದ ಯಂತ್ರಕ್ಕೆ ಕೊಡುತ್ತಾರೆ. ಅದು ಅಂಕಿ, ಅಕ್ಷರ ಸೇರಿದ 32 ಚಿಹ್ನೆಗಳ ಒಂದು ಸಾಲು ಕೊಡುತ್ತದೆ. ಸಾಲನ್ನು ಅರ್ಧ ಮಾಡಿ, ಒಂದೊಂದು ಅರ್ಧವನ್ನೂ ಸಂಖ್ಯೆಯಾಗಿ ಬದಲಾಯಿಸಿದರೆ ಎರಡು ದಶಮಾಂಶಗಳು. ಒಂದು ನಿಮ್ಮ ಅಕ್ಷಾಂಶದ ಪೂರ್ಣಾಂಕದ ಮುಂದೆ, ಇನ್ನೊಂದು ರೇಖಾಂಶದ ಪೂರ್ಣಾಂಕದ ಮುಂದೆ ಕೂರುತ್ತದೆ. ಅಂದರೆ 1 ಡಿಗ್ರಿಯ ಪ್ರತಿ ಚೌಕದಲ್ಲೂ ದಿನಕ್ಕೊಂದು ಬಿಂದು. ನಾಳೆ ಷೇರುಪೇಟೆ ಎಷ್ಟಕ್ಕೆ ತೆರೆಯುತ್ತದೆಂದು ಯಾರಿಗೂ ಗೊತ್ತಿಲ್ಲ. ಹಾಗಾಗಿ ಇದರಲ್ಲಿ ಯಾರೂ ಕೈಯಾಡಿಸಲಾಗದು.

ಒಂದು ತೊಡಕಿತ್ತು. ನ್ಯೂಯಾರ್ಕ್‌ನಲ್ಲಿ ಪೇಟೆ ತೆರೆಯುವುದು ಅಲ್ಲಿನ ಬೆಳಗ್ಗೆ ಒಂಬತ್ತೂವರೆಗೆ. ಅಷ್ಟು ಹೊತ್ತಿಗೆ ಏಷ್ಯಾದಲ್ಲಿ ಸಂಜೆಯೋ ರಾತ್ರಿಯೋ ಆಗಿರುತ್ತದೆ. ಅದಕ್ಕೆ ಪಶ್ಚಿಮದ 30ನೇ ರೇಖಾಂಶದಿಂದ ಪೂರ್ವಕ್ಕೆ ಇರುವವರೆಲ್ಲ, ಅಂದರೆ ಯುರೋಪ್, ಆಫ್ರಿಕಾ, ಏಷ್ಯಾದವರು, ಹಿಂದಿನ ದಿನದ ಅಂಕಿ ಬಳಸಬೇಕು ಎಂದು ನಿಯಮ ಮಾಡಿಕೊಂಡರು. ಪೇಟೆಗೆ ರಜೆ ಇದ್ದರೆ ಕೊನೆಯ ಸಲ ತೆರೆದಾಗಿನ ಅಂಕಿಯೇ ನಡೆಯುತ್ತದೆ. ಇದರಿಂದ ಪೂರ್ವದವರಿಗೊಂದು ಅನುಕೂಲವೂ ಇದೆ. ಶುಕ್ರವಾರ ಪೇಟೆ ತೆರೆದರೆ ಶನಿವಾರ, ಭಾನುವಾರ, ಸೋಮವಾರ, ಮೂರೂ ದಿನದ ಬಿಂದುಗಳು ಮುಂಚೆಯೇ ಗೊತ್ತಾಗುತ್ತವೆ. ಸಿದ್ಧತೆಗೆ ಸಮಯ ಸಿಗುತ್ತದೆ.

ಆಕಸ್ಮಿಕ ಬೇಡ, ಗುರಿ ಮಾತ್ರ ವಿಚಿತ್ರವಾಗಿರಲಿ ಎನ್ನುವವರಿಗೆ ಇನ್ನೂ ಹಳೆಯದೊಂದು ಆಟವಿದೆ. ಪೂರ್ಣ ಡಿಗ್ರಿಗಳ ಗೆರೆಗಳು ಕೂಡುವ ಜಾಗಗಳಿಗೆ ಹೋಗಿ ಫೋಟೊ ತೆಗೆಯುವ ಕೆಲಸವನ್ನು ಅಲೆಕ್ಸ್ ಜ್ಯಾರೆಟ್ 1996ರಲ್ಲಿ ಅಮೆರಿಕದಲ್ಲಿ ಶುರು ಮಾಡಿದರು. ಧ್ರುವಗಳೂ ಸೇರಿ ಭೂಮಿಯ ಮೇಲೆ ಅಂಥ 64,442 ಕೂಡುಜಾಗಗಳಿವೆ.

ಅಂಕಿಯನ್ನು ತಪ್ಪಿಲ್ಲದೆ ಓದಿ

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ನಿರ್ದೇಶಾಂಕ, ಅಂದರೆ ಅಕ್ಷಾಂಶ-ರೇಖಾಂಶದ ಜೋಡಿ, ಬರೆಯುವ ಬಗೆ ಒಂದೇ ಅಲ್ಲ. ದಶಮಾಂಶದಲ್ಲಿ 40.5 ಡಿಗ್ರಿ ಎಂದರೆ ಇನ್ನೊಂದು ಬಗೆಯಲ್ಲಿ 40 ಡಿಗ್ರಿ 30 ನಿಮಿಷ. ಡಿಗ್ರಿಗೆ 60 ನಿಮಿಷ, ಗಡಿಯಾರದ ಗಂಟೆಯಂತೆ. 40.30 ಎಂಬುದನ್ನು 40 ಡಿಗ್ರಿ 30 ನಿಮಿಷ ಎಂದು ಓದಿಬಿಟ್ಟರೆ 0.2 ಡಿಗ್ರಿ ತಪ್ಪುತ್ತದೆ. 22 ಕಿಲೋಮೀಟರ್ ಆಚೆ ಹೋಗಿ ನಿಂತಿರುತ್ತೀರಿ.

ಮೊದಲು ಅಕ್ಷಾಂಶ, ಆಮೇಲೆ ರೇಖಾಂಶ. ಗೂಗಲ್ ಮ್ಯಾಪ್ಸ್ ಕೇಳುವುದು ಇದೇ ಕ್ರಮ. ಕೆಲವು ತಂತ್ರಾಂಶಗಳ ಕಡತಗಳಲ್ಲಿ ಇದು ತಿರುಗುಮುರುಗಾಗಿರುತ್ತದೆ. ದಕ್ಷಿಣಾರ್ಧದ ಅಕ್ಷಾಂಶಕ್ಕೂ ಪಶ್ಚಿಮದ ರೇಖಾಂಶಕ್ಕೂ ಮೈನಸ್ ಗುರುತು ಬೇಕು. ದಶಮಾಂಶ ಚುಕ್ಕೆಯ ನಂತರ ನಾಲ್ಕು ಅಂಕಿ ಇದ್ದರೆ ಸುಮಾರು 11 ಮೀಟರ್‌ವರೆಗೆ ಜಾಗ ಹೇಳಿದಂತೆ. ಐದು ಇದ್ದರೆ 1 ಮೀಟರ್. ಅದಕ್ಕಿಂತ ಹೆಚ್ಚು ಬರೆದರೆ ಮೊಬೈಲ್‌ಗೆ ಅರ್ಥವಾಗುತ್ತದೆ, ಆದರೆ ಅಷ್ಟು ಸೂಕ್ಷ್ಮವಾಗಿ ನಿಮ್ಮನ್ನು ನಿಲ್ಲಿಸಲು ಅದಕ್ಕೆ ಆಗುವುದಿಲ್ಲ.

ಹೊರಡುವ ಮುನ್ನ

ಸ್ಯಾಟಲೈಟ್ ಚಿತ್ರದಲ್ಲಿ ಬಿಂದುವನ್ನು ನೋಡಿ. ಕೆರೆಯೋ, ರೈಲು ಹಳಿಯೋ, ಸೇನೆಯ ಜಾಗವೋ, ಕಡಿದಾದ ಬಂಡೆಯೋ, ಯಾರದೋ ಅಂಗಳವೋ ನೋಡಿ ತಿಳಿಯಿರಿ. ಯಾವುದಿದ್ದರೆ ಕೈಬಿಡುತ್ತೀರಿ ಎಂಬುದನ್ನು ಚೀಟಿ ಎತ್ತುವ ಮೊದಲೇ ಬರೆದಿಟ್ಟಿರಬೇಕು. ನನ್ನ ಪಟ್ಟಿಯಲ್ಲಿ ಅಪಾಯದ ಜಾಗ, ನಿಷೇಧಿತ ಜಾಗ ಇವೆರಡೇ ಇವೆ. ಬೇಸರದ ಜಾಗ ಎಂಬುದು ಇಲ್ಲ. ಹೊಲ, ತೋಟದ ಒಳಗಿದ್ದರೆ ಬಿಂದುವನ್ನು ಬಿಡುವುದಿಲ್ಲ, ಒಪ್ಪಿಗೆ ಕೇಳುತ್ತೇನೆ.

ಆ ಪ್ರದೇಶದ ನಕ್ಷೆಯನ್ನು ಮೊಬೈಲ್‌ಗೆ ಮೊದಲೇ ಇಳಿಸಿಕೊಳ್ಳಿ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದ ಉಪಗ್ರಹಗಳ ಸಂಕೇತವನ್ನು ಮೊಬೈಲ್ ಸುಮ್ಮನೆ ಕೇಳಿಸಿಕೊಳ್ಳುತ್ತದೆ ಅಷ್ಟೇ. ಜಾಗ ಲೆಕ್ಕ ಹಾಕಲು ಕನಿಷ್ಠ ನಾಲ್ಕು ಉಪಗ್ರಹ ಕಾಣಬೇಕು. ಆದರೆ ನಕ್ಷೆಯ ಚಿತ್ರ ಬರುವುದು ನೆಟ್‌ವರ್ಕ್‌ನಿಂದ. ಅದಿಲ್ಲದಿದ್ದರೆ ಖಾಲಿ ಬಿಳಿ ಪರದೆಯ ಮೇಲೆ ನೀಲಿ ಚುಕ್ಕೆ ಮಾತ್ರ ಉಳಿಯುತ್ತದೆ. ನಿರ್ದೇಶಾಂಕವನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ.

ನೀರು, ಪವರ್ ಬ್ಯಾಂಕ್, ಗಟ್ಟಿ ಶೂ ಇರಲಿ. ಎಲ್ಲಿಗೆ ಹೋಗುತ್ತೀರಿ ಎಂದು ಮನೆಯಲ್ಲಿ ಒಬ್ಬರಿಗೆ ಹೇಳಿ. ಎಷ್ಟು ಗಂಟೆಗೆ ವಾಪಸ್ ತಿರುಗಬೇಕೆಂದು ಈಗಲೇ ತೀರ್ಮಾನಿಸಿ. ಬಿಂದು 200 ಮೀಟರ್ ದೂರದಲ್ಲಿದ್ದಾಗ ಆ ತೀರ್ಮಾನ ಮಾಡಲು ಮನಸ್ಸು ಬರುವುದಿಲ್ಲ.

ಕೊನೆಯ 100 ಮೀಟರ್

ಅಲ್ಲಿಯವರೆಗೆ ರಸ್ತೆ, ಕಾಲುದಾರಿ ನಿಮ್ಮನ್ನು ಕರೆದೊಯ್ದಿರುತ್ತದೆ. ಇಲ್ಲಿಂದ ಮುಂದೆ ದಾರಿ ನಿಮ್ಮದೇ. ಹೊಲದ ಮಧ್ಯೆ ನಡೆಯಬೇಡಿ, ಬದುವಿನ ಮೇಲೆ ಹೋಗಿ. ಯಾರಾದರೂ ಕಂಡರೆ ನೀವೇ ಹತ್ತಿರ ಹೋಗಿ ಮಾತಾಡಿಸಿ, ನಕ್ಷೆ ತೋರಿಸಿ, ಯಾಕೆ ಬಂದಿದ್ದೀರಿ ಎಂದು ಇದ್ದದ್ದು ಇದ್ದಂತೆ ಹೇಳಿ. ನಾನು ಹೀಗೆ ಕೇಳಿದಾಗ ಹೆಚ್ಚಿನವರು ತಾವೇ ಜೊತೆಗೆ ಬಂದಿದ್ದಾರೆ. ತಮ್ಮ ನೆಲದ ಯಾವ ಚುಕ್ಕೆ ಎಂದು ನೋಡುವ ಕುತೂಹಲ ಅವರಿಗೂ ಇರುತ್ತದೆ. ಬೇಡ ಎಂದರೆ ಅಲ್ಲಿಗೇ ನಿಲ್ಲಿಸಿ.

ತೆರೆದ ಆಕಾಶದ ಕೆಳಗೆ ಮೊಬೈಲ್ ಸುಮಾರು 5 ಮೀಟರ್ ಆಚೀಚೆ ಜಾಗ ಹೇಳುತ್ತದೆ. ದಟ್ಟ ಮರಗಳ ಕೆಳಗೆ, ಎತ್ತರದ ಗೋಡೆಗಳ ನಡುವೆ ಸಂಕೇತಕ್ಕೆ ತಡೆಯಾಗುತ್ತದೆ, ಇಲ್ಲವೇ ಅದು ಬಡಿದು ತಿರುಗಿ ಬರುತ್ತದೆ. ಆಗ ಚುಕ್ಕೆ ಅತ್ತಿತ್ತ ಓಡಾಡುತ್ತದೆ. ಅದರ ಹಿಂದೆ ಓಡಬೇಡಿ. ಮೊಬೈಲ್ ಎತ್ತಿ ಹಿಡಿದು ಒಂದೆರಡು ನಿಮಿಷ ನಿಲ್ಲಿ, ಅಂಕಿ ನೆಲೆಗೊಳ್ಳುತ್ತದೆ. ನಿಂತಲ್ಲೇ ಇದ್ದಾಗ ಜಿಪಿಎಸ್‌ಗೆ ನೀವು ಯಾವ ಕಡೆ ಮುಖ ಮಾಡಿದ್ದೀರಿ ಎಂದು ತಿಳಿಯುವುದಿಲ್ಲ. ಹತ್ತು ಹೆಜ್ಜೆ ನೇರ ನಡೆದರೆ ತಿಳಿಯುತ್ತದೆ. ಅಕ್ಷಾಂಶ ಮೊದಲು ಸರಿ ಮಾಡಿಕೊಳ್ಳಿ, ಆಮೇಲೆ ಪೂರ್ವಕ್ಕೋ ಪಶ್ಚಿಮಕ್ಕೋ ನಡೆದು ರೇಖಾಂಶ ಸರಿ ಮಾಡಿ. ಎರಡನ್ನೂ ಒಟ್ಟಿಗೆ ಹಿಡಿಯಲು ಹೋಗುವುದಕ್ಕಿಂತ ಇದು ಬೇಗ ಆಗುತ್ತದೆ.

ಬಿಂದುವಿಗಿರುವ ದೂರ ಮೊಬೈಲ್ ತೋರಿಸುವ ತಪ್ಪಿನ ಅಳತೆಗಿಂತ ಕಡಿಮೆಯಾದರೆ ತಲುಪಿದಂತೆಯೇ.

ತಲುಪಿದ ಮೇಲೆ

ಪರದೆಯ ಸ್ಕ್ರೀನ್‌ಶಾಟ್ ತೆಗೆಯಿರಿ. ನಾಲ್ಕು ದಿಕ್ಕಿಗೂ ಒಂದೊಂದು ಫೋಟೊ, ಕಾಲ ಕೆಳಗಿನ ನೆಲದ್ದೊಂದು. ಆಮೇಲೆ ಮೊಬೈಲ್ ಒಳಗಿಟ್ಟು ಹತ್ತು ನಿಮಿಷ ಕೂತುಬಿಡಿ. ಮಣ್ಣಿನ ಬಣ್ಣ ಏನು, ಯಾವ ಸದ್ದು ಯಾವ ಕಡೆಯಿಂದ ಬರುತ್ತಿದೆ, ಮಳೆನೀರು ಯಾವ ಕಡೆ ಹರಿದ ಗುರುತಿದೆ ಎಂದು ನೋಡಿ ಬರೆದುಕೊಳ್ಳಿ. ಏನನ್ನೂ ಹೂಳಬೇಡಿ, ಗುರುತು ಕೆತ್ತಬೇಡಿ.

ತಲುಪಲಾಗದಿದ್ದರೂ ಬರೆಯಿರಿ. ನನ್ನ ಒಂದು ಬಿಂದು ಕೆರೆಯ ಒಳಗೆ, ದಡದಿಂದ 40 ಮೀಟರ್ ದೂರದಲ್ಲಿ ಬಿದ್ದಿತ್ತು. ಸ್ಯಾಟಲೈಟ್ ಚಿತ್ರ ತೆಗೆದ ಕಾಲದಲ್ಲಿ ಕೆರೆ ಬತ್ತಿತ್ತು, ನಾನು ಹೋದಾಗ ತುಂಬಿತ್ತು. ದಡದಲ್ಲಿ ಕೂತು ಬಿಂದು ಇರಬೇಕಾದ ಕಡೆ ನೋಡುತ್ತಿದ್ದೆ. ಒಂದು ನೀರುಕಾಗೆ ಅಲ್ಲೇ ಮುಳುಗಿ, ಅಲ್ಲೇ ಎದ್ದಿತು. ಪುಸ್ತಕದಲ್ಲಿ ತಾರೀಖು, ನಿರ್ದೇಶಾಂಕ, 40 ಮೀಟರ್ ಬಾಕಿ ಎಂದು ಬರೆದಿದ್ದೇನೆ. ಬೇಸಿಗೆಯಲ್ಲಿ ನೀರು ಇಳಿದಾಗ ಮತ್ತೆ ಹೋಗಬೇಕು.