ಕ್ಲಿಕ್ ಇಲ್ಲದೆ, ಅಡಿಕೆ ಚೀಲಗಳ ನಡುವೆ: ನನ್ನ ಮೊದಲ ಆಲ್ಬಂ

ಗಿಟಾರು, ದನಿ ಎರಡನ್ನೂ ಒಟ್ಟಿಗೇ, ಕ್ಲಿಕ್ (ಲಯ ತಪ್ಪದಿರಲಿ ಅಂತ ಕಿವಿಯಲ್ಲಿ ಬಡಿಯುವ ಟಿಕ್-ಟಿಕ್) ಹಾಕಿಕೊಳ್ಳದೆ, ಶಿರಸಿ ಹತ್ತಿರದ ನಮ್ಮ ಹಳೇ ಮನೆಯ ಅಟ್ಟದ ಮೇಲೆ ರೆಕಾರ್ಡ್ ಮಾಡುತ್ತೇನೆ ಅಂದಾಗ ಬೆಂಗಳೂರಿನ ಗೆಳೆಯರೆಲ್ಲ ಹೇಳಿದ್ದು ಒಂದೇ ಮಾತು: 'ಡೆಮೊ ಆಗತ್ತೆ, ಆಲ್ಬಂ ಆಗಲ್ಲ.' ಈಗ 9 ಹಾಡು ಹೊರಗೆ ಬಂದಿವೆ. ಹಾಗೆ ಅಂದವರಲ್ಲೇ ಇಬ್ಬರು ಮೈಕ್ ಎಲ್ಲಿಟ್ಟೆ ಅಂತ ಫೋನ್ ಮಾಡಿ ಕೇಳುತ್ತಿದ್ದಾರೆ. ಆಲ್ಬಂ ಹೇಗಾಯಿತು ಅಂತ ಎಲ್ಲರಿಗೂ ಒಂದೇ ಸಲ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ಮೊದಲು ನಾನೂ ಎಲ್ಲರ ದಾರಿಯಲ್ಲೇ ಹೋಗಿದ್ದೆ. ಪ್ರೋಗ್ರಾಮಿಂಗಿಗೆ, ಅಂದರೆ ಕಂಪ್ಯೂಟರಿನಲ್ಲಿ ವಾದ್ಯಗಳ ಟ್ರ್ಯಾಕ್ ಹಾಸುವುದಕ್ಕೆ, ಹಾಡೊಂದಕ್ಕೆ ಹತ್ತಿರಹತ್ತಿರ 25,000 ರೂಪಾಯಿ, ಸ್ಟುಡಿಯೊಗೆ ಗಂಟೆಗೆ 800, ಮಿಕ್ಸಿಂಗ್ ಬೇರೆ. ಎರಡು ಹಾಡಿಗೆ 70,000 ದಾಟಿತು. ಕೆಲಸ ಮಾಡಿದವರು ಕೆಟ್ಟವರೇನಲ್ಲ, ಕೈ ಚೆನ್ನಾಗಿದೆ. ಆದರೆ ನನ್ನ ಹಾಡು ಸಾಲಿನ ಕೊನೆಗೆ ಸ್ವಲ್ಪ ನಿಲ್ಲುತ್ತದೆ, ಚರಣಕ್ಕೆ ಬಂದಾಗ ಚೂರು ಓಡುತ್ತದೆ. ಮೊದಲೇ ಹಾಸಿಟ್ಟ ಟ್ರ್ಯಾಕ್ ನನಗೋಸ್ಕರ ನಿಲ್ಲಲ್ಲ ಅಲ್ವಾ? ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಅದರ ಹಿಂದೆ ಹಿಂದೆ ಹಾಡಿದೆ. ಕೇಳಿದರೆ ಯಾವುದೋ ಸಿನಿಮಾದಲ್ಲಿ ಬಿಟ್ಟುಹೋದ ಹಾಡಿನ ಹಾಗಿತ್ತು. ಆ ಎರಡೂ ಇವತ್ತಿಗೂ ಹಾರ್ಡ್‌ಡಿಸ್ಕಿನಲ್ಲೇ ಇವೆ. ಹೊರಗೆ ಬಿಡುವುದಿಲ್ಲ.

ಆಮೇಲೆ ದುಡ್ಡೂ ಇರಲಿಲ್ಲ, ಅವಸರವೂ ಇರಲಿಲ್ಲ. ಒಂದು ವರ್ಷಕ್ಕೂ ಜಾಸ್ತಿ ಹೊತ್ತು ಬರೀ ಮನೆಗಳಲ್ಲಿ ಹಾಡಿದೆ. ಜಯನಗರ, ಮಲ್ಲೇಶ್ವರ, ಮೈಸೂರಿನ ಕುವೆಂಪುನಗರ, ಧಾರವಾಡ. ಯಾರದೋ ಹಜಾರ, 20-30 ಜನ, ಮೈಕ್ ಇಲ್ಲ. ಕೊನೆಗೆ ಬಾಗಿಲ ಹತ್ತಿರ ಒಂದು ಬಟ್ಟೆ ಚೀಲ. ಮನಸ್ಸಿಗೆ ಬಂದಷ್ಟು ಹಾಕಿ ಹೋಗುತ್ತಿದ್ದರು. ಯಾವ ಸಾಲಿಗೆ ಜನ ಫೋನ್ ಕಡೆ ಕಣ್ಣು ಹಾಯಿಸಿದರೋ ಆ ಸಾಲಿಗೆ ರಾತ್ರಿ ಪುಸ್ತಕದಲ್ಲಿ ಗೆರೆ ಎಳೆಯುತ್ತಿದ್ದೆ. 20ಕ್ಕೂ ಹೆಚ್ಚು ಹಾಡಿದ್ದವು, 9 ಉಳಿದವು. ನನಗೆ ಪ್ರಾಣವಾಗಿದ್ದ ಒಂದು ಹಾಡನ್ನು ಮೂರು ಊರಲ್ಲಿ ಮೂರೂ ಸಲ ಜನ ನೀರು ಕುಡಿಯೋಕೆ ಎದ್ದು ಹೋಗಿದ್ದರಿಂದ ಕೈಬಿಟ್ಟೆ.

ಹಜಾರದಲ್ಲೇ ಗೊತ್ತಾದ ಇನ್ನೊಂದು ವಿಷಯ. ಗಿಟಾರಿನ ಬಡಿತಕ್ಕೆ ಬರೆದಾಗ ಕನ್ನಡದ ಹ್ರಸ್ವ ಅಕ್ಷರಗಳು ನಮಗೇ ಗೊತ್ತಿಲ್ಲದೆ ಹಿಗ್ಗುತ್ತವೆ. 'ಮರ' ಹೋಗಿ 'ಮಾರ' ಆಗುತ್ತದೆ. ಭಾವಗೀತೆ ಕೇಳಿ ಬೆಳೆದ ಹಿರಿಯರು ಇದನ್ನು ತಕ್ಷಣ ಹಿಡಿಯುತ್ತಾರೆ. ಮೈಸೂರಿನಲ್ಲಿ ಒಬ್ಬ ಅಜ್ಜಿ ಹಾಡು ಮುಗಿಯೋದನ್ನೂ ಕಾಯದೆ ತಿದ್ದಿದರು. ಮೇಲಿನ ಸ್ಥಾಯಿಯಲ್ಲಿ ಎಳೆಯಬೇಕಾದ ಸಾಲು 'ಉ'ಕಾರದಲ್ಲಿ ಮುಗಿದರೂ ಕಷ್ಟ, ಬಾಯಿ ಮುಚ್ಚಿಕೊಳ್ಳುತ್ತದೆ. ಅಂಥ ಸಾಲುಗಳನ್ನೆಲ್ಲ ತಿರುಗಿಸಿ 'ಆ' ಬರುವ ಹಾಗೆ ಮಾಡಿಕೊಂಡೆ. ಇದಕ್ಕೇ ಎರಡು ತಿಂಗಳು ಹಿಡಿಯಿತು. ಮಾಡಿದ್ದರಲ್ಲಿ ತುಂಬ ಲಾಭ ಬಂದ ಕೆಲಸ ಅಂದರೆ ಇದೇ.

ಇನ್ನು ಅಟ್ಟ. ನಮ್ಮ ಮನೆಯಲ್ಲಿ ಚಾಲಿ ಅಡಿಕೆ ಚೀಲ ಪೇರಿಸಿಡುವುದು ಅಲ್ಲೇ. ಗೋಣಿಚೀಲ ಗೋಡೆಗೆ ಎರಡಾಳೆತ್ತರ ನಿಂತಿದ್ದರೆ ದನಿ ಪ್ರತಿಧ್ವನಿಯಿಲ್ಲದೆ ಎಷ್ಟು ಚೆನ್ನಾಗಿ ಒಣಗುತ್ತದೆ ಅಂದರೆ, ಸಾವಿರಾರು ರೂಪಾಯಿಯ ಫೋಮ್ ಅದರ ಮುಂದೆ ಸುಮ್ನೆ. ಮೇಲೆ ಮರದ ಜಂತಿ ಇರುವುದರಿಂದ ಪೂರ್ತಿ ಸತ್ತ ಸದ್ದೂ ಅಲ್ಲ. ಆದರೆ ಕಾಲ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಹೆಂಚಿನ ಸದ್ದಿಗೆ ರೆಕಾರ್ಡ್ ಮಾಡೋಕೇ ಆಗಲ್ಲ. ಬೇಸಿಗೆ ಏರಿದರೆ ಜೀರುಂಡೆ. ಅದರ ಕೂಗು ಮೇಲಿನ ಫ್ರೀಕ್ವೆನ್ಸಿಯಲ್ಲಿ ಕೂತಿರುತ್ತದೆ, ಕತ್ತರಿಸಲು ಹೋದರೆ 'ಸ', 'ಶ' ಎಲ್ಲ ಮಂಕಾಗುತ್ತವೆ. ನಮಗೆ ಸಿಗುವುದು ಚಳಿಗಾಲ. ಆಗ ಅಡಿಕೆ ಸುಲಿಯುವ ಮಷಿನ್! ಹಾಗಾಗಿ ಬೆಳಗಿನ ಜಾವ 4ರಿಂದ 6, ಅಷ್ಟೇ. ಬೆಳಗಿನ ಗಂಟಲು ಅರ್ಧ ಸ್ವರ ಕೆಳಗಿರುತ್ತದೆ, ಅದಕ್ಕೆ ಗಿಟಾರನ್ನೂ ಅರ್ಧ ಸ್ವರ ಇಳಿಸಿದೆ.

ನಡುವೆ ಒಂದು ಪಜೀತಿ. ಐದನೇ ಹಾಡಿನ ಹೊತ್ತಿಗೆ ದರ ಬಂತು ಅಂತ ಅಪ್ಪಯ್ಯ ಅರ್ಧ ಚೀಲ ಮಾರಿಬಿಟ್ಟರು. ಮರುದಿನ ಕೋಣೆಯ ಸದ್ದೇ ಬೇರೆ. ಅಕ್ಕಪಕ್ಕದ ಮನೆಗಳಿಂದ ಹಾಸಿಗೆ, ಕಂಬಳಿ ತಂದು ತುಂಬಿದರೂ ಮೊದಲಿನ ಹಾಗೆ ಕೂರಲಿಲ್ಲ. 'ಇದೆಂತದೆ ಕೂಸೆ, ಬಾಣಂತಿ ಕೋಣೆ ಮಾಡಿಟ್ಟಿದ್ದೆ' ಅಂತ ಆಯಿ ನಕ್ಕಳು. ಕೊನೆಯ ನಾಲ್ಕು ಹಾಡು ಕೇಳಿದರೆ ಗೊತ್ತಾಗುತ್ತದೆ, ದನಿ ಸ್ವಲ್ಪ ಹತ್ತಿರ ಬಂದ ಹಾಗಿದೆ. ಆ ಹಾಡುಗಳನ್ನು ಆಲ್ಬಮಿನ ಎರಡನೇ ಅರ್ಧಕ್ಕೆ ಹಾಕಿದೆ. ಬೇಕೆಂದೇ ಮಾಡಿದ್ದು ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ.

ಹಮ್ (ಕರೆಂಟಿನಿಂದ ರೆಕಾರ್ಡಿಂಗಿಗೆ ಸೇರುವ ಗುಂಯ್ ಸದ್ದು) ಬಗ್ಗೆ: ಹಳ್ಳಿಯ ಅರ್ತಿಂಗ್ ನಂಬಬೇಡಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿದರೆ ಸದ್ದು ಹೋಗುತ್ತದೆ. ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ, ಎರಡು ಇನ್‌ಪುಟ್ಟಿನ ಫೋಕಸ್‌ರೈಟ್, ಯುಎಸ್‌ಬಿಯಲ್ಲೇ ಓಡುತ್ತದೆ. ಕರೆಂಟ್ ಹೋದ ದಿನ ಫ್ರಿಜ್ಜೂ ಸುಮ್ಮನಿರುತ್ತದೆ. ನನ್ನ ಒಳ್ಳೇ ಟೇಕ್‌ಗಳೆಲ್ಲ ಕರೆಂಟಿಲ್ಲದ ದಿನದವು.

ಮೈಕು ಎರಡೇ, ಎರಡೂ ಸೆಕೆಂಡ್‌ಹ್ಯಾಂಡ್, ಸೇರಿ 19-20 ಸಾವಿರ. ದನಿಗೆ ಫಿಗರ್-ಎಯ್ಟ್ (ಹಿಂದೆ ಮುಂದೆ ಕೇಳಿಸಿಕೊಂಡು ಪಕ್ಕದ ಸದ್ದು ಬಿಡುವ ಮೈಕು), ಅದರ ಕಿವುಡು ಬದಿ ಗಿಟಾರಿನ ಕಡೆಗೆ. ಗಿಟಾರಿಗೆ ಇನ್ನೊಂದು. ಎರಡನೆಯದು ಎಲ್ಲಿತ್ತು ಅಂತಲೇ ಎಲ್ಲರೂ ಕೇಳುವುದು. ಗಿಟಾರಿನ ಮುಂದೆ ಇರಲಿಲ್ಲ, ಅಷ್ಟು ಮಾತ್ರ ಹೇಳುತ್ತೇನೆ.

ಕ್ಲಿಕ್ ಇಲ್ಲದಿದ್ದರೆ ತಾಳವಾದ್ಯ ಆಮೇಲೆ ಕೂರುವುದಿಲ್ಲ ಅನ್ನುವುದು ದೊಡ್ಡ ತಕರಾರು. ಅದು ನಿಜವೇ. ನಾನು ಮಾಡಿದ್ದು: ಹಾಡು ಶುರುವಾಗುವ ಮುಂಚೆ ನಾಲ್ಕು ಆವರ್ತ ಮಾತ್ರ ಕಿವಿಯಲ್ಲಿ ಕ್ಲಿಕ್, ಆಮೇಲೆ ಬಂದ್. ಎಲ್ಲ ಟೇಕೂ ಒಂದೇ ನಡೆಯಲ್ಲಿ ಹೊರಡುವುದರಿಂದ ಪಲ್ಲವಿ ಒಂದರಿಂದ, ಚರಣ ಇನ್ನೊಂದರಿಂದ ತೆಗೆದು ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಜೋಡಿಸಲು ಬಂತು. ತಬಲಾ ನುಡಿಸಿದವರಿಗೆ ಫೈಲ್ ಕಳಿಸಲಿಲ್ಲ, ಊರಿಗೇ ಕರೆಸಿದೆ. ಎರಡು ದಿನ ಬರೀ ಜೊತೆಗೆ ಕೂತು ನುಡಿಸಿದರು. ನಾನು ಎಲ್ಲಿ ಉಸಿರು ತೆಗೆಯುತ್ತೇನೆ ಅನ್ನೋದು ಕೈಗೆ ಬಂದಮೇಲೆ ಹೆಡ್‌ಫೋನ್ ಹಾಕಿಕೊಂಡರು. ನಾಲ್ಕು ಹಾಡಿಗೆ ತಬಲಾ, ಒಂದಕ್ಕೆ ಖಂಜಿರ. ಅವರಿಗೆ ಕೊಟ್ಟಿದ್ದು 15,000, ಊಟ, ಮತ್ತೆ ಒಂದು ಡಬ್ಬ ತೊಡೆದೇವು.

ರಿವರ್ಬ್‌ಗೆ, ಅಂದರೆ ದನಿಯ ಹಿಂದೆ ಉಳಿಯುವ ಗುಂಗಿಗೆ, ಒಂದು ಆಟ ಆಡಿದೆ. ಖಾಲಿ ನೀರಿನ ಟ್ಯಾಂಕ್, ಕರೀ ಪ್ಲಾಸ್ಟಿಕ್‌ನದು, ಅಂಗಳದಲ್ಲಿ ಬಿದ್ದಿತ್ತು. ಒಳಗೆ ವೈರಿನ ಸಣ್ಣ ಸ್ಪೀಕರ್ ಇಳಿಸಿ ದನಿಯನ್ನು ನುಡಿಸಿ, ಟ್ಯಾಂಕಿನ ಬಾಯಿಯ ಹತ್ತಿರ ಮೈಕ್ ಹಿಡಿದೆ. ಮಂದ್ರದಲ್ಲಿ ಗುಂಯ್ ಅಂತ ತುಂಬಿಕೊಂಡಿತು. ಕೆಳಗಿನದ್ದೆಲ್ಲ 300 ಹರ್ಟ್ಸ್‌ವರೆಗೆ ಕತ್ತರಿಸಿ, ಮೂಲ ದನಿಯ ಕೆಳಗೆ ಚೂರೇ ಚೂರು ಸೇರಿಸಿದರೆ ಬಲು ಚಂದ. ಮೂರು ಹಾಡಲ್ಲಿದೆ. ತಾಮ್ರದ ಹಂಡೆಯಲ್ಲೂ ನೋಡಿದೆ, ಗಂಟೆಯ ಹಾಗೆ ಕೂಗುತ್ತದೆ, ಉಪಯೋಗವಿಲ್ಲ.

ಲೆಕ್ಕಕ್ಕೆ ಬರೋಣ. ಮಿಕ್ಸಿಂಗ್ ಗೆಳೆಯನೊಬ್ಬನಿಗೆ 30,000, ಮಾಸ್ಟರಿಂಗ್ (ಮಿಕ್ಸ್ ಆದ ಹಾಡಿಗೆ ಕೊನೆಯ ಹದ ಕೊಡುವುದು) ಹಾಡಿಗೆ 2,500ರ ಲೆಕ್ಕ. ಎಲ್ಲ ಸೇರಿ, ಮೈಕೂ ಹಿಡಿದು, ಒಂದು ಲಕ್ಷದ ಒಳಗೆ. ಹಾಳಾದ ಆ ಎರಡು ಹಾಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ! ಇದರಲ್ಲಿ ಮುಕ್ಕಾಲು ಪಾಲು ಹಜಾರದಲ್ಲಿ ಕೇಳಿದವರೇ ಮುಂಗಡ ಕೊಟ್ಟಿದ್ದು, ತಲಾ 500. ಬದಲಿಗೆ ನನ್ನ ಕೈಬರಹದ ಸಾಹಿತ್ಯದ ಪುಸ್ತಕ.

ಒಂದು ಕಂಪನಿ 9 ಹಾಡನ್ನೂ 15,000ಕ್ಕೆ ಕೇಳಿತ್ತು, ಮುಂದಿನ ರಾಯಲ್ಟಿಯೂ ಅವರದೇ ಅಂತ ಬರೆದುಕೊಂಡು. ಬರೆದವರ, ಸ್ವರ ಹಾಕಿದವರ ರಾಯಲ್ಟಿ ಪಾಲನ್ನು ಹಾಗೆ ಬರೆಸಿಕೊಳ್ಳುವಂತಿಲ್ಲ ಅಂತ 2012ರ ಕಾಪಿರೈಟ್ ತಿದ್ದುಪಡಿಯೇ ಹೇಳುತ್ತದೆ. ಸಾಹಿತ್ಯ, ಸಂಗೀತ ಎರಡೂ ನಿಮ್ಮದಾದರೆ ರಾಯಲ್ಟಿ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಸಂಸ್ಥೆಯಲ್ಲಿ ಎರಡಕ್ಕೂ ಸದಸ್ಯರಾಗಿ, ಹಾಡು ಬಿಡುವ ಮುಂಚೆಯೇ.

ಸ್ಟ್ರೀಮಿಂಗ್ ನಂಬಿ ಕೂರಬೇಡಿ. ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳದ ಹಾಡಿಗೆ ಸ್ಪಾಟಿಫೈ 2024ರಿಂದ ದುಡ್ಡನ್ನೇ ಲೆಕ್ಕ ಹಾಕುವುದಿಲ್ಲ. ನನ್ನ ಮೂರು ಹಾಡು ಇನ್ನೂ ಆ ಗೆರೆ ದಾಟಿಲ್ಲ. ಉಳಿದವಕ್ಕೂ ಒಂದು ಪ್ಲೇಗೆ 10 ಪೈಸೆಯೂ ಬೀಳಲಿಲ್ಲ. ನಿಜವಾಗಿ ಮಾರಿದ್ದು ಪೆನ್‌ಡ್ರೈವ್. ನಮ್ಮ ಕಡೆ ಕಾರು, ಜೀಪು ಎಲ್ಲದರಲ್ಲೂ ಯುಎಸ್‌ಬಿ ಇದೆ, ಘಟ್ಟ ಇಳಿಯುವಾಗ ನೆಟ್‌ವರ್ಕ್ ಇಲ್ಲ. 200ರ ಹತ್ತಿರ ಮಾಡಿಸಿದೆ, ಒಂದಕ್ಕೆ 200 ರೂಪಾಯಿಯೊಳಗೆ ಬಿತ್ತು, 400ಕ್ಕೆ ಕೊಟ್ಟೆ. ಮಾಡಿಸುವವರು ಎಂಪಿ3 ಹಾಕಿ. ಎಷ್ಟೋ ಹಳೇ ಗಾಡಿಗಳ ಸ್ಟೀರಿಯೊ ಬೇರೆ ಥರದ ಫೈಲ್ ಓದುವುದಿಲ್ಲ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ಮುಂದೆ 01, 02 ಅಂತ ನಂಬರ್ ಕೊಡಿ. ಇಲ್ಲದಿದ್ದರೆ ಪರದೆ ಮೇಲೆ ಬರೀ ಚೌಕ ಕಾಣುತ್ತದೆ, ಒಂಬತ್ತನೇ ಹಾಡು ಮೊದಲು ಬರುತ್ತದೆ.